ನಲ್ಲಿಯ ಸದ್ದು

ಜುಲೈ ತಿಂಗಳ ಒಂದು ರಾತ್ರಿ ಬಚ್ಚಲಿನ ನಲ್ಲಿ ಸುರಿಯುವ ಸದ್ದಿಗೆ ಎಚ್ಚರವಾಯಿತು. ಗಂಟೆ ಮೂರೂವರೆ. ಮುಂಬೈಯ ಮುಲುಂಡಿನ ನಮ್ಮ ಮನೆಯಲ್ಲಿ ನೀರನ್ನು ಹಾಗೆ ಪೋಲು ಮಾಡುವವರು ಯಾರೂ ಇಲ್ಲ. ಬಾಗಿಲು ತಳ್ಳಿದರೆ, ಹದಿನೈದರ ಮಗ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದ. ಅಂಗೈ ಎರಡೂ ಮೊಣಕಾಲಿನ ಮೇಲೆ, ಪ್ರತಿ ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ಕೆಮ್ಮು ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡಿದ್ದ.

"ಅಪ್ಪ ನಾಲ್ಕೂವರೆಗೆ ಏಳಬೇಕಲ್ಲ," ಎಂದ. ಅಷ್ಟು ಹೇಳಲು ಅವನಿಗೆ ಮೂರು ಉಸಿರು ಬೇಕಾಯಿತು.

ನನ್ನ ಗಂಡ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಕ್ಯಾಷಿಯರ್. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಅಲ್ಲಿ ಒಬ್ಬರ ಕೆಮ್ಮು ಎಲ್ಲರದೂ. ಅವನ ಆಸ್ತಮಾದ ನೀಲಿ ಪಂಪಿಗೆ, ಅಂದರೆ ಇನ್‌ಹೇಲರಿಗೆ, ಔಷಧಿ ಎಳೆದುಕೊಳ್ಳುವ ಕೊಳವೆಯಾದ ಸ್ಪೇಸರ್ ಸಿಕ್ಕಿಸಿ ಒಂದೊಂದಾಗಿ ನಾಲ್ಕು ಸಲ ಎಳೆಸಿದೆ. ಕಿಟಕಿಯ ಬಳಿ ನೆಟ್ಟಗೆ ಕೂರಿಸಿ ಬೆನ್ನಿಗೆ ಕೈಯಿಟ್ಟುಕೊಂಡಿದ್ದೆ. ಹೊರಗೆ ಮಳೆ, ಕೈಯಡಿಯಲ್ಲಿ ಸುಂಯ್ ಸುಂಯ್ ಎನ್ನುವ ಎದೆ. ಇಪ್ಪತ್ತು ನಿಮಿಷಕ್ಕೆ ಅದು ಇಳಿಯಿತು.

ಜೂನ್‌ನಲ್ಲಿ ಶಾಲೆ ತೆರೆದಾಗಿನಿಂದ ಮೊದಲ ಪಾಠಕ್ಕೇ ತೂಕಡಿಸುತ್ತಾನೆಂದು ದೂರು ಬರುತ್ತಿತ್ತು. ಅಪರಾಧಿ ಮೊಬೈಲೇ ಎಂದು ನಾನು ತೀರ್ಪು ಕೊಟ್ಟು, ರಾತ್ರಿ ಹತ್ತಕ್ಕೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಅವನು ಒಮ್ಮೆಯೂ ಜಗಳವಾಡಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಕಳೆದ ನಾಲ್ಕು ವಾರಗಳಲ್ಲಿ ರಾತ್ರಿ ಕೆಮ್ಮಿನಿಂದ ಎಚ್ಚರವಾಗಿತ್ತೇ?" ಮಗ ನನ್ನ ಮುಖ ನೋಡದೆ, "ವಾರಕ್ಕೆ ನಾಲ್ಕು ಸಲ," ಎಂದ. ದಿನವೂ ಎಳೆಯಬೇಕಿದ್ದ ಕಂದು ಪಂಪನ್ನು ಮೇ ರಜೆಯಲ್ಲಿ ಕುಂದಾಪುರಕ್ಕೆ ಹೋದಾಗಲೇ ಬಿಟ್ಟಿದ್ದನಂತೆ. ಅಲ್ಲಿ ಚೆನ್ನಾಗಿಯೇ ಇದ್ದ. ಜೊತೆಗೆ, ದೊಡ್ಡಪ್ಪನ ಮಕ್ಕಳು ನಗುತ್ತಿದ್ದರು. ನೀಲಿಯದು ಬಿಗಿದ ಶ್ವಾಸನಾಳವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ, ಅಷ್ಟೆ. ಒಳಗಿನ ಊತ ಇಳಿಯಬೇಕಾದರೆ ಕಂದು ಪಂಪಿನ ಸ್ಟೀರಾಯ್ಡ್ ದಿನವೂ ಬೇಕು. ನಡುರಾತ್ರಿಯ ಸುಮಾರಿಗೆ ಊತ ತಗ್ಗಿಸುವ ದೇಹದ ಸ್ವಂತ ಹಾರ್ಮೋನು ಕಾರ್ಟಿಸೋಲ್ ತಳ ಮುಟ್ಟಿರುತ್ತದೆ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಶ್ವಾಸನಾಳ ಅತ್ಯಂತ ಕಿರಿದಾಗಿರುತ್ತದೆ ಎಂದರು. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆಂದು ಊದಿ ಅಳೆಯುವ ಪೀಕ್ ಫ್ಲೋ ಮೀಟರ್ ಕೊಡಿಸಿದರು. ಮೊದಲ ದಿನ ಸಂಜೆ 340, ಬೆಳಿಗ್ಗೆ 230. ಆ ಎರಡು ಅಂಕಿಗಳನ್ನು ಪುಸ್ತಕದಲ್ಲಿ ಬರೆಯುವಾಗ ಕಪಾಟಿನ ಬೀಗದ ಕೈ ನೆನಪಾಗಿ ನಾಚಿಕೆಯಾಯಿತು.

ಈ ವಯಸ್ಸಿನಲ್ಲಿ ನಿದ್ದೆ ಬರುವುದೇ ತಡವಂತೆ, ಬೇಕಾಗುವುದು ಮಾತ್ರ ಎಂಟರಿಂದ ಹತ್ತು ಗಂಟೆ. ಅವನ ಶಾಲೆ ಏಳಕ್ಕೆ. ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಒಂಬತ್ತಕ್ಕೆ ಮೊದಲು ಶಾಲೆ ಬೇಡವೆಂದು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಹೇಳಿತು. ಹತ್ತನೆಯವರಿಗೆ ನಿದ್ದೆ ಬೇಡವೆಂದು ಯಾರು ನಿರ್ಧರಿಸಿದರೋ!

ಮನೆಯೊಳಗೆ ಒಣಹಾಕುತ್ತಿದ್ದ ಒದ್ದೆ ಬಟ್ಟೆ, ಗೋಡೆಯ ಬೂಷ್ಟು, ಸೊಳ್ಳೆ ಬತ್ತಿ, ಹಳೆಯ ಹತ್ತಿ ದಿಂಬು, ಒಂದೊಂದಕ್ಕೂ ದಾರಿ ಹುಡುಕಿದೆವು. ಅತ್ತೆಯ ಕಾಳುಮೆಣಸಿನ ಕಷಾಯ ಮಾತ್ರ ನಿಂತಿಲ್ಲ. ಕಂದು ಪಂಪಿನ ಜೊತೆ ಅದೂ ನಡೆದಿದೆ. ಮೂರು ವಾರ ಕಳೆದಾಗ ಬೆಳಗಿನ ಅಂಕಿ 320 ಮುಟ್ಟಿತು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಬಚ್ಚಲಿನ ಕಥೆಯನ್ನೆಲ್ಲ ಹೇಳಿದೆ. ಅವರು ತುತ್ತು ಕೈಯಲ್ಲಿ ಹಿಡಿದೇ ಸುಮ್ಮನಾದರು. "ನನಗೂ ಎಷ್ಟೋ ಸಲ ಕೇಳಿಸಿತ್ತು," ಎಂದರು. "ವಾಷರ್ ಸವೆದಿರಬೇಕು, ಭಾನುವಾರ ಹೊಸದು ಹಾಕೋಣ ಎಂದು ಮಲಗಿಬಿಡುತ್ತಿದ್ದೆ."