ಜಮೈಕಾದ ಮಾಂಟೆಗೊ ಬೇ ಊರಿಗೆ ಹೋಗುವವರು ಎರಡು-ಮೂರು ದಿನ ರೆಸಾರ್ಟ್ ಬಿಟ್ಟು ಹೊರಗೆ ಬನ್ನಿ

ಜಮೈಕಾದ ದೊಡ್ಡ ರೆಸಾರ್ಟ್‌ಗಳಲ್ಲಿ ಹೆಚ್ಚಿನವು ಆಲ್-ಇನ್‌ಕ್ಲೂಸಿವ್. ಊಟ, ತಿಂಡಿ, ಕುಡಿಯುವುದು ಎಲ್ಲಕ್ಕೂ ಮೊದಲೇ ದುಡ್ಡು ಕಟ್ಟಿರುತ್ತೇವೆ. ಹೊರಗೆ ತಿಂದರೆ ನಷ್ಟ ಅನ್ನಿಸುತ್ತದೆ. ಈ ಲೆಕ್ಕದಲ್ಲೇ ನಾವು ಮೂರು ದಿನ ಗೇಟ್ ದಾಟಲಿಲ್ಲ. ಒಂದು ರಾತ್ರಿ ಊಟದ ಜೊತೆ 'ಜಮೈಕನ್ ನೈಟ್' ಇತ್ತು. ಬಾಬ್ ಮಾರ್ಲಿಯ ಮೂರು ಹಾಡು, ಒಂದು ಬೆಂಕಿ ಆಟ. ಬೇಜಾರೇನಿಲ್ಲ, ಆದರೆ ಅಷ್ಟಕ್ಕೆ ಅಷ್ಟು ದೂರ ಹೋಗಬೇಕಿರಲಿಲ್ಲ ಅಲ್ವಾ?

ಹಾಗಾಗಿ ಒಂದು ವಾರ ಹೋಗುವವರು ನಾಲ್ಕು ದಿನ ಮಾತ್ರ ರೆಸಾರ್ಟ್ ಹಿಡಿಯಿರಿ. ಉಳಿದ ದಿನಕ್ಕೆ ಡಾಕ್ಟರ್ಸ್ ಕೇವ್ ಬೀಚ್ ಹತ್ತಿರ ಬರೀ ರೂಮ್ ಸಾಕು. ಆ ಬೀಚ್ ಪಕ್ಕದ ರಸ್ತೆಯನ್ನು ಎಲ್ಲರೂ ಹಿಪ್ ಸ್ಟ್ರಿಪ್ ಅನ್ನುತ್ತಾರೆ. ಈಗ ಅದಕ್ಕೆ ರೆಗೆ ಗಾಯಕ ಜಿಮ್ಮಿ ಕ್ಲಿಫ್ ಹೆಸರಿದೆ.

ಮೊದಲು ನೋಡಬೇಕಾದ್ದು ಊರ ನಡುವಿನ ಸ್ಯಾಮ್ ಶಾರ್ಪ್ ಚೌಕ. ಕೈಯಲ್ಲಿ ಬೈಬಲ್ ಹಿಡಿದ ಶಾರ್ಪ್, ಎದುರಿಗೆ ಕಿವಿಗೊಟ್ಟು ಕೇಳುವ ಜನ, ಎಲ್ಲ ಕಂಚಿನಲ್ಲಿ. ಇವನು ಗುಲಾಮನೂ ಹೌದು, ಚರ್ಚಿನ ಬೋಧಕನೂ ಹೌದು. 1831ರ ಕ್ರಿಸ್‌ಮಸ್ ಆದ ಮೇಲೆ ಕೂಲಿ ಕೊಡದೆ ಕಬ್ಬಿನ ಗದ್ದೆಗೆ ಇಳಿಯುವುದಿಲ್ಲ ಎಂದು ಜನರನ್ನು ಕಟ್ಟಿದ. ಮುಷ್ಕರ ದಂಗೆಯಾಯಿತು. 1832ರ ಮೇ ತಿಂಗಳಲ್ಲಿ ಅವನನ್ನು ಇದೇ ಊರಲ್ಲಿ ಗಲ್ಲಿಗೇರಿಸಿದರು. ಮರುವರ್ಷವೇ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು. ಚೌಕದ ಮೂಲೆಯಲ್ಲಿ 'ದಿ ಕೇಜ್' ಎಂಬ ಪುಟ್ಟ ಕಲ್ಲಿನ ಸೆರೆಮನೆ ಇದೆ. ಪಕ್ಕದ ಹಳೆಯ ಕೋರ್ಟ್ ಕಟ್ಟಡದಲ್ಲಿ ಮ್ಯೂಸಿಯಂ ಮತ್ತು ನ್ಯಾಷನಲ್ ಗ್ಯಾಲರಿ ವೆಸ್ಟ್ ಇವೆ. ಜಮೈಕಾದವರೇ ಬರೆದ ಚಿತ್ರಗಳನ್ನು ನೋಡಲು ಎರಡು ಗಂಟೆ ಇಟ್ಟುಕೊಳ್ಳಿ. ನಾವು ಅರ್ಧ ಗಂಟೆ ಇಟ್ಟುಕೊಂಡು ಕೆಟ್ಟೆವು.

ಗುಲಾಮಗಿರಿ ಹೋದಾಗ ಕಬ್ಬಿಗೆ ಆಳು ಸಾಲಲಿಲ್ಲ. 1845ರಿಂದ ನಮ್ಮ ದೇಶದಿಂದ ಹಡಗುಗಟ್ಟಲೆ ಕೂಲಿಗಳನ್ನು ತಂದರು. ಅಲ್ಲಿನ ಹೋಟೆಲ್‌ಗಳಲ್ಲಿ ಕರಿ, ರೊಟ್ಟಿ ಕಂಡರೆ ಅದರ ಹಿಂದೆ ಇರುವುದು ಈ ಕತೆ. 'ಗಾಂಜಾ' ಅನ್ನುವ ಪದವೂ ಅವರ ಜೊತೆಗೇ ಹೋದದ್ದು!

ಎರಡನೇ ದಿನಕ್ಕೆ ರಾಸ್ತಫಾರಿ ಇಂಡಿಜಿನಸ್ ವಿಲೇಜ್, ಅಂದರೆ ಜಮೈಕಾದಲ್ಲೇ ಹುಟ್ಟಿದ ರಾಸ್ತಫಾರಿ ಧರ್ಮದವರ ಹಳ್ಳಿ. ಮೊದಲೇ ಬುಕ್ ಮಾಡಬೇಕು. ಹೊಳೆ ದಾಟಿ ಹೋಗುವುದರಿಂದ ನೆನೆದರೂ ಪರವಾಗಿಲ್ಲ ಅನ್ನುವ ಚಪ್ಪಲಿ ಇರಲಿ. ಡೋಲುಗಳ ಎದುರು ಸುಮ್ನೆ ಕೂತರೂ ಸಮಯ ಹೋಗುತ್ತದೆ. ಕೇಳದೆ ಫೋಟೊ ತೆಗೆಯಬೇಡಿ. ಇವರ ಅಡುಗೆಗೆ 'ಐಟಲ್' ಅನ್ನುತ್ತಾರೆ. ಮಾಂಸ ಇಲ್ಲ, ಉಪ್ಪು ಕಡಿಮೆ ಅಥವಾ ಇಲ್ಲವೇ ಇಲ್ಲ, ತೆಂಗಿನ ಹಾಲು ಧಾರಾಳ. ಸಸ್ಯಾಹಾರಿಗಳು ಎಲ್ಲೇ ಆಗಲಿ 'ಐಟಲ್' ಬೋರ್ಡ್ ಹುಡುಕಿ. ಕ್ಯಾಲಲೂ ಅಂದರೆ ನಮ್ಮ ದಂಟಿನ ಸೊಪ್ಪಿನ ಜಾತಿಯದ್ದೇ. ಬ್ರೆಡ್‌ಫ್ರೂಟ್ ನಮ್ಮ ಕರಾವಳಿಯ ಜೀಗುಜ್ಜೆ, ಅಲ್ಲಿ ಇಡಿಯಾಗಿ ಕೆಂಡದಲ್ಲಿ ಸುಡುತ್ತಾರೆ. ಬೇರೆ ಹೋಟೆಲ್‌ನಲ್ಲಿ ಕ್ಯಾಲಲೂ ಕೇಳಿದರೆ 'ಸಾಲ್ಟ್‌ಫಿಶ್ (ಉಪ್ಪು ಮೀನು) ಬೇಡ' ಎಂದು ಮೊದಲೇ ಹೇಳಿ.

ಹಾರ್ಬರ್ ಸ್ಟ್ರೀಟ್ ಕ್ರಾಫ್ಟ್ ಮಾರ್ಕೆಟ್‌ನಲ್ಲಿ ಎಲ್ಲವೂ ಅಲ್ಲಿನದಲ್ಲ. ಹೊರಗಿನಿಂದ ಬಂದ ಸಾಮಾನೂ ಜಾಸ್ತಿ. ಉಳಿ ಹಿಡಿದು ಕೆತ್ತುತ್ತಾ ಕೂತವರ ಹತ್ತಿರವೇ ಕೊಳ್ಳಿ. ಚೌಕಾಸಿ ಮಾಡಬಹುದು, ಆದರೆ ಮೊದಲು 'ಗುಡ್ ಮಾರ್ನಿಂಗ್' ಹೇಳಬೇಕು. ನಾನು ಹೇಳದೆ ರೇಟ್ ಕೇಳಿದೆ. ಆ ಅಮ್ಮ ಉತ್ತರ ಕೊಡದೆ 'ಗುಡ್ ಮಾರ್ನಿಂಗ್' ಎಂದು ನನ್ನನ್ನೇ ನೋಡುತ್ತಾ ನಿಂತರು. ಕತ್ತಲಾದ ಮೇಲೆ ಅಂಗಡಿಗೆ ಹೋದರೆ 'ಗುಡ್ ನೈಟ್' ಎಂದೇ ಸ್ವಾಗತಿಸುತ್ತಾರೆ. ನಮ್ಮನ್ನು ಕಳಿಸುತ್ತಿದ್ದಾರೆ ಎಂದುಕೊಂಡು ವಾಪಸ್ ಬರಬೇಡಿ.

ಓಡಾಟಕ್ಕೆ ಕೆಂಪು ನಂಬರ್ ಪ್ಲೇಟ್ ಇರುವ ಟ್ಯಾಕ್ಸಿಯನ್ನೇ ಹತ್ತಿ, ಬಾಡಿಗೆ ಮೊದಲೇ ಮಾತಾಡಿ. ಬೆಂಗಳೂರು ಅಂದ ತಕ್ಷಣ ನಮ್ಮ ಚಾಲಕ "ಗೇಲ್!" ಎಂದು ಕೂಗಿದ. 2013ರಲ್ಲಿ ಚಿನ್ನಸ್ವಾಮಿಯಲ್ಲಿ ಜಮೈಕಾದವನೇ ಆದ ಗೇಲ್ ಹೊಡೆದ 175ರ ಬಗ್ಗೆ ದಾರಿಯುದ್ದಕ್ಕೂ ಮಾತಾಡಿದ. ಬಾಡಿಗೆ ಮಾತ್ರ ಒಂದು ಡಾಲರ್ ಇಳಿಸಲಿಲ್ಲ.

ಇನ್ನೆರಡು ವಿಷಯ. ಸೈನಿಕರ ಬಟ್ಟೆಯ ಹಾಗೆ ಕಾಣುವ ಹಸಿರು ಚಿತ್ತಾರದ ಪ್ಯಾಂಟು, ಟೋಪಿ ಮಕ್ಕಳಿಗೂ ಬೇಡ. ಅಲ್ಲಿ ಸಾಮಾನ್ಯ ಜನ ಅದನ್ನು ತೊಡುವಂತಿಲ್ಲ. ನಾವು ಹೋಗಿದ್ದು 2024ರಲ್ಲಿ. 2025ರ ಅಕ್ಟೋಬರ್‌ನಲ್ಲಿ ಮೆಲಿಸಾ ಚಂಡಮಾರುತ ದ್ವೀಪದ ಪಶ್ಚಿಮ ಭಾಗಕ್ಕೆ ಜೋರಾಗಿ ಹೊಡೆದಿದೆ. ಗ್ಯಾಲರಿ, ಹಳ್ಳಿ, ಮಾರ್ಕೆಟ್ ಯಾವುದು ತೆರೆದಿದೆ ಎಂದು ಟಿಕೆಟ್ ಮಾಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.