"ಇದು ಯಾವ ಹೂವು?" ಯಾವುದೂ ಅಲ್ಲ ರೀ

ನಾನು ರಿಬ್ಬನ್ನಿನಲ್ಲಿ ಮಾಡುವ ಬಿಳಿ ಹೂವಿನ ಕೂದಲ ಕ್ಲಿಪ್ ನೋಡಿದವರೆಲ್ಲ ಕೇಳುವ ಪ್ರಶ್ನೆಗೆ ಉತ್ತರ ಇಷ್ಟೇ. ನಂದಿಬಟ್ಟಲಾ? ಅಲ್ಲ. ಕಾಡುಮಲ್ಲಿಗೆನಾ? ಅಲ್ಲ. "ಲಾಲ್‌ಬಾಗಲ್ಲಿ ನೋಡಿದ್ದೀನಿ, ಹೆಸರು ಬಾಯಿಗೆ ಬರ್ತಿಲ್ಲ" ಅನ್ನೋರಿಗೆ: ನೋಡಿಲ್ಲ, ಬಿಡಿ.

ಬೇಲಿ ಮೇಲೆ ದಿನಾ ಕಂಡ ಹಾಗೆ ಅನ್ನಿಸಲಿ ಅಂತಲೇ ಕಲ್ಪಿಸಿದ ಹೂವು. 5 ಎಸಳು ಗಿರಗಿಟ್ಲೆ ಥರ ಒಂದೇ ಕಡೆ ತಿರುಚಿರುವುದು ನಂದಿಬಟ್ಟಲಿನ ಚಾಳಿ. ನಡುವಿನ ಕಿತ್ತಳೆ ಬಣ್ಣ, ಎಸಳಿನ ತುದಿಯ ಸೀಳು ಪಾರಿಜಾತದ್ದು. ಪಾರಿಜಾತದ ಅಳತೆಗೇ ಸ್ಯಾಟಿನ್ ರಿಬ್ಬನ್ ಕತ್ತರಿಸಿದರೆ, ನೂಲು ಬಿಡದ ಹಾಗೆ ಅಂಚು ಕಾಯಿಸುವಾಗಲೇ ಎಸಳು ಅರ್ಧ ಕರಗಿ ಹೋಗುತ್ತೆ. ಹಾಗಾಗಿ ಹೂವು 2.5 ಇಂಚು. "ನಿಜವಾದ ಹೂವನ್ನೇ ನೋಡಿ ಮಾಡಬಹುದಿತ್ತು" ಅನ್ನೋರು ಗಾಂಧಿಬಜಾರಿಗೆ ಹೋಗಿ ಒಂದು ಮೊಳ ತಗೊಳ್ಳಿ, ಅದಕ್ಕಿಂತ ನಿಜವಾದದ್ದಿಲ್ಲ.

ಎಸಳು ಯಾಕೆ ಬಿಚ್ಚಿಕೊಳ್ಳಲ್ಲ, ಕ್ಲಿಪ್ ಯಾಕೆ ಜಾರಲ್ಲ ಅಂತ ಮಾತ್ರ ಯಾರೂ ಕೇಳಲ್ಲ. ನಾನೇ ಹೇಳ್ತೀನಿ.

ರಿಬ್ಬನ್ ಪಾಲಿಯೆಸ್ಟರ್ ಸ್ಯಾಟಿನ್ ಆಗಿರಲೇಬೇಕು, ಅಗಲ 1.5 ಇಂಚು. ಚಿಕ್ಕಪೇಟೆಯಿಂದ ತಂದಿದ್ದನ್ನ ಒಂದು ಚೂರು ಸುಟ್ಟು ನೋಡಿ. ಕರಗಿ ಗಟ್ಟಿ ಮಣಿಯಾದರೆ ಸರಿ. ಬೂದಿಯಾದರೆ ಹತ್ತಿಯೋ ರೇಯಾನೋ, ಅದರ ಅಂಚು ನೂಲು ಬಿಡುತ್ತೆ. ಮೇಣದಬತ್ತಿ ಉರಿಯ ಬುಡದಲ್ಲಿ ನೀಲಿ ಇರುತ್ತಲ್ಲ, ಅಲ್ಲಿಗೆ ಪಕ್ಕದಿಂದ ಅಂಚು ತೋರಿಸಿ ತಕ್ಷಣ ತೆಗೀಬೇಕು. ಹಳದಿ ಉರಿಗೆ ಹಿಡಿದರೆ ಮಸಿ ಕೂರುತ್ತೆ, ಬಿಳಿ ರಿಬ್ಬನ್ ಮೇಲಿನ ಮಸಿ ಒರೆಸಿದಷ್ಟೂ ಹರಡುತ್ತೆ. ಐದು ಎಸಳನ್ನೂ ಬುಡದಲ್ಲಿ ಒಂದೇ ದಾರಕ್ಕೆ ಪೋಣಿಸಿ, ಪ್ರತಿ ಎಸಳಿನ ಬಲ ಅಂಚು ಪಕ್ಕದ ಎಸಳಿನ ಮೇಲೆ ಬರುವ ಹಾಗೆ ಜಗ್ಗಿ ಗಂಟು ಹಾಕಬೇಕು. ಬರೀ ಗ್ಲೂ ಗನ್ನಿನ ಬಿಸಿ ಅಂಟು ನಂಬಿದ ಹೂವು ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತೆ. ದಾರಕ್ಕೆ ಆ ಭಯ ಇಲ್ಲ.

ನುಣುಪಾದ ಲೋಹಕ್ಕೆ ಅಂಟು ಸರಿಯಾಗಿ ಹಿಡಿಯಲ್ಲ, ಅದಕ್ಕೇ ಕ್ಲಿಪ್ಪಿಗೆ ಮೊದಲು ತೆಳು ರಿಬ್ಬನ್ ಸುತ್ತೋದು. ಹೂವಿನ ಬೆನ್ನಿಗೆ 1 ಇಂಚಿನ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಬಿಲ್ಲೆ. ಹೂವನ್ನ ಬೆರಳು ಒತ್ತುವ ಕಡೆ ಕೂರಿಸಿದರೆ ಕ್ಲಿಪ್ ಬಾಯಿ ತೆರೆಯಲ್ಲ, ತೀರಾ ತುದಿಗೆ ಕೂರಿಸಿದರೆ ಭಾರಕ್ಕೆ ವಾಲುತ್ತೆ. ಆಗ ತಾನೇ ಶಾಂಪೂ ಹಾಕಿದ ಕೂದಲಲ್ಲಿ ಬರೀ ಲೋಹದ ಕ್ಲಿಪ್ ಜಾರುತ್ತೆ. ಕ್ಲಿಪ್ಪಿನ ಒಳಮೈಗೆ ಸಣ್ಣ ವೆಲ್ವೆಟ್ ಪಟ್ಟಿ ಅಂಟಿಸಿರೋದು ಅಂದಕ್ಕಲ್ಲ, ಅದಕ್ಕೆ.

"ಹೆಸರಾದ್ರೂ ಇಡಿ" ಅನ್ನೋದು ಈಗಿನ ಹೊಸ ಸಲಹೆ. ಇಟ್ಟರೆ "ಆ ಹೂವು ಹೀಗಿರಲ್ವಲ್ಲ" ಅಂತ ತಕರಾರು ಶುರು. ಬಿಳಿ, ಕೆನೆ, ತಿಳಿ ಗುಲಾಬಿ ಇವೆ. ಬಣ್ಣ ಹೇಳಿ ಸಾಕು.