ಪಡುವಣ ಕೋಣೆಯ ಐ ಬೀಮ್: ಮೂರನೇ ವಾರದ ಕೆಲಸ

ದಾವಣಗೆರೆಯ ವಿನೋಬನಗರದ ನಮ್ಮ ಹಳೇ ಮನೆಯಲ್ಲಿ ಹುಳ ಹಿಡಿದ ಮರದ ತೊಲೆ ತೆಗೆಸಿ, ಹೋದ ವರ್ಷ ಆರಿಂಚಿನ ಎರಡು ಐ ಬೀಮ್ (ಇಂಗ್ಲಿಷಿನ I ಆಕಾರದ ಕಬ್ಬಿಣದ ತೊಲೆ) ಕೂರಿಸಿದ್ದೆವು. ಅವು ಒಂಬತ್ತಿಂಚಿನ ಗೋಡೆ ದಾಟಿ ನಾಲ್ಕಡಿ ಹೊರಗೆ ಚಾಚಿವೆ. ವರಾಂಡದ ತಗಡಿನ ಶೀಟ್ ಅವುಗಳ ಮೇಲೆಯೇ ಕೂತಿದೆ. ಏಪ್ರಿಲ್ ಬಿಸಿಲಿಗೆ ಶೀಟ್ ಕಾದರೆ ಬೀಮೂ ಕಾಯುತ್ತದೆ, ಆ ಬಿಸಿ ಸೀದಾ ಕೋಣೆಗೆ ಬರುತ್ತದೆ. ಇಟ್ಟಿಗೆಗಿಂತ ಕಬ್ಬಿಣ ಸುಮಾರು 60 ಪಟ್ಟು ಜಾಸ್ತಿ ಬಿಸಿ ಸಾಗಿಸುತ್ತದೆ. "ಮಂಡಕ್ಕಿ ಭಟ್ಟಿ ಮುಂದೆ ಕೂತಂಗಾತು" ಅಂತ ಅಮ್ಮ ಮಂಚವನ್ನೇ ಆ ಕಡೆಯಿಂದ ಸರಿಸಿದ್ದರು.

ಚಳಿ ದೇಶಗಳಲ್ಲಿ ಇದೇ ತೊಂದರೆ ತಿರುವುಮುರುವು. ಮನೆಯ ಬಿಸಿ ಬೀಮಿನಿಂದ ಹೊರಗೆ ಹೋಗಿ, ತಣ್ಣಗಾದ ಕಬ್ಬಿಣದ ಮೇಲೆ ನೀರು ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ.

ದಿನಾ ಸಂಜೆ 4ಕ್ಕೆ ಮುಟ್ಟದೆಯೇ ಬಿಸಿ ತೋರಿಸುವ ಇನ್ಫ್ರಾರೆಡ್ ಗನ್ ಹಿಡಿದು ಅಳೆಯುತ್ತಿದ್ದೇನೆ. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ, ಅದಕ್ಕೆ ಬೀಮಿಗೆ ಕರಿ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ಮೊದಲ ದಿನ ಕೋಣೆಯ ಗಾಳಿ 34 ಡಿಗ್ರಿ, ಬೀಮು ಗೋಡೆಯಿಂದ ಹೊರಬರುವ ಜಾಗದಲ್ಲಿ 43, ಒಂದು ಗೇಣು ಈಚೆಗೆ 36. ಅಂದ್ರೆ ಬಿಸಿಯ ಹೆಚ್ಚಿನ ಪಾಲು ಆ ಒಂದು ಗೇಣಿನಲ್ಲೇ ಕೋಣೆಗೆ ಇಳಿಯುತ್ತಿತ್ತು.

ಮೊದಲ ವಾರ ಒಂದು ಬೀಮನ್ನು ಗೋಡೆಯ ಹೊರಗೆ ಕತ್ತರಿಸಿ, ಎರಡೂ ತುದಿಗೆ ಪ್ಲೇಟ್ ವೆಲ್ಡ್ ಮಾಡಿಸಿ, ನಡುವೆ 12 ಎಂಎಂ ಬೇಕಲೈಟ್ ಶೀಟ್ ಇಟ್ಟು ಬೋಲ್ಟ್ ಬಿಗಿಸಿದೆವು. ಇಳಿದದ್ದು ಬರೀ ಒಂದು ಡಿಗ್ರಿ. ಬೇಕಲೈಟ್ ಏನೋ ಬಿಸಿ ತಡೆಯುತ್ತದೆ, ಆದರೆ ನಾಲ್ಕು ಬೋಲ್ಟು ಅದನ್ನು ತೂರಿಕೊಂಡು ಹೋಗುತ್ತವಲ್ಲ! ಎರಡನೇ ವಾರ ಸ್ಟೇನ್‌ಲೆಸ್ ಬೋಲ್ಟ್ ಹಾಕಿದೆವು. ಸಾದಾ ಕಬ್ಬಿಣದ ಮೂರನೇ ಒಂದು ಪಾಲು ಬಿಸಿಯನ್ನಷ್ಟೇ ಅವು ಸಾಗಿಸುತ್ತವೆ. 41ಕ್ಕೆ ಬಂತು. ಇಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

ದಾರಿ ತೋರಿಸಿದ್ದು ವೆಲ್ಡಿಂಗ್ ಅಣ್ಣ. "ಶೀಟಿಗೆ ಬೇರೆ ಕಂಬ ಕೊಟ್ರೆ ಮುಗೀತು ಸರ. ಗೋಡೆ ಯಾಕೆ ಮುಟ್ಟಬೇಕು?"

ಎಂಜಿನಿಯರ್ ಬಂದು ನೋಡಿ, ಗೋಡೆಯ ಮೇಲೆ ಏಳಿಂಚು ಕೂತರೆ ಬೀಮಿಗೆ ಸಾಕು ಅಂದ ಮೇಲೆಯೇ ಕಟರ್ ಹಚ್ಚಿದ್ದು. ಮೊದಲು ವರಾಂಡಕ್ಕೆ ನಾಲ್ಕು ಕಂಬ ನಿಲ್ಲಿಸಿ ಶೀಟನ್ನು ಅವುಗಳ ಮೇಲೆ ಕೂರಿಸಿದೆವು. ಆಮೇಲೆ ಬೀಮನ್ನು ಗೋಡೆಯ ಹೊರಮೈಯಿಂದ ಎರಡಿಂಚು ಒಳಕ್ಕೆ ಕತ್ತರಿಸಿ, ತುದಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಆ ಗೂಡಿಗೆ ಎರಡಿಂಚಿನ ಎಕ್ಸ್‌ಪಿಎಸ್ ತುಂಡು (ಬಿಸಿ ತಡೆಯುವ ಗಟ್ಟಿ ಫೋಮ್ ಹಲಗೆ) ತುರುಕಿ, ಮೇಲೆ ಜಾಲರಿ ಹೊಡೆದು ಪ್ಲಾಸ್ಟರ್ ಮಾಡಿದೆವು. ಶೀಟಿಗೂ ಗೋಡೆಗೂ ನಡುವೆ ಒಂದಿಂಚು ಸಂದು ಬಿಟ್ಟಿದ್ದೇವೆ. ಮಳೆನೀರು ಇಳಿಯದಂತೆ ಅದರ ಮೇಲೆ ರಬ್ಬರ್ ಪಟ್ಟಿ.

ನಿನ್ನೆ ಸಂಜೆ ಅದೇ ಟೇಪಿನ ಮೇಲೆ 36 ತೋರಿಸಿತು. ಕೈ ಇಟ್ಟೆ. ಪಕ್ಕದ ಗೋಡೆ ಎಷ್ಟು ಬೆಚ್ಚಗಿತ್ತೋ ಬೀಮೂ ಅಷ್ಟೇ. ಎಷ್ಟು ಖುಷಿಯಾಯಿತು ಅಂದ್ರೆ ಅಮ್ಮನನ್ನೂ ಕರೆದು ಮುಟ್ಟಿಸಿದೆ.

ಎರಡನೇ ಬೀಮ್ ಭಾನುವಾರ ಕತ್ತರಿಸುತ್ತೇವೆ. ಮಂಚ ಅಲ್ಲಿವರೆಗೆ ಮೂಲೆಯಲ್ಲೇ ಇರಲಿ ಅಂದಿದ್ದಾರೆ ಅಮ್ಮ.